ಮೈನಸ್ 35ರಲ್ಲಿ ಟ್ರಕ್ಕಿಗೂ ಬೇಕು ಬಿಸಿನೀರು!

ಕೆನಡಾದ ವಿನಿಪೆಗ್‌ಗೆ ಹೊಸದಾಗಿ ಬಂದಿಳಿದ ನಮ್ಮ ಕಡೆಯವರು ಮೊದಲ ವಾರದಲ್ಲೇ ಕೇಳುವ ಒಂದು ಪ್ರಶ್ನೆ ಇದೆ: 'ಇಲ್ಲಿ ಎಲ್ರೂ ಎಲೆಕ್ಟ್ರಿಕ್ ಗಾಡೀನೇ ಇಟ್ಕೊಂಡಿದ್ದಾರಾ?'

ಹಾಗೆ ಅನ್ನಿಸುವುದು ಸಹಜ. ಪಾರ್ಕಿಂಗ್‌ನಲ್ಲಿ ಸಾಲಾಗಿ ನಿಂತ ಕಾರು, ವ್ಯಾನು, ಪಿಕಪ್ ಟ್ರಕ್ಕುಗಳ ಮೂತಿಯಿಂದ ಮೂರು ಪಿನ್ನಿನ ಪ್ಲಗ್ಗೊಂದು ನಾಲಿಗೆಯ ಹಾಗೆ ಹೊರಗೆ ನೇತಾಡುತ್ತಿರುತ್ತದೆ. ಚಳಿಗಾಲದ ರಾತ್ರಿ ಅವೆಲ್ಲ ಕಂಬಕ್ಕೆ ಕಟ್ಟಿದ ದನಗಳಂತೆ ಒಂದೊಂದು ವೈರಿಗೆ ಕಟ್ಟಿಸಿಕೊಂಡು ನಿಂತಿರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಅಪ್ಪಟ ಪೆಟ್ರೋಲ್, ಡೀಸೆಲ್ ಗಾಡಿಗಳು. ಆ ಪ್ಲಗ್ ಬ್ಯಾಟರಿ ಚಾರ್ಜ್ ಮಾಡುವುದಕ್ಕಲ್ಲ, ಎಂಜಿನ್ ಕಾಯಿಸುವುದಕ್ಕೆ. ಅದರ ಹೆಸರು ಬ್ಲಾಕ್ ಹೀಟರ್.

ವಿನಿಪೆಗ್‌ನಲ್ಲಿ ಜನವರಿಯ ರಾತ್ರಿಯ ಸರಾಸರಿ ತಾಪಮಾನವೇ ಸುಮಾರು ಮೈನಸ್ 21 ಡಿಗ್ರಿ. ವರ್ಷಕ್ಕೆ ಕೆಲವು ದಿನ ಮೈನಸ್ 35ರ ಆಸುಪಾಸಿಗೆ ಇಳಿಯುವುದೂ ಉಂಟು. ನಾನು ಇಲ್ಲಿ ಮಾಡುವ ಕೆಲಸ ಮನೆ ಬಿಸಿ ಮಾಡುವ ಫರ್ನೇಸ್‌ಗಳ ರಿಪೇರಿ. ಚಳಿ ಹೆಚ್ಚಿದಷ್ಟೂ ನಮಗೆ ಕರೆಗಳು ಹೆಚ್ಚು. ಇಂಥ ರಾತ್ರಿ ಫರ್ನೇಸ್ ನಿಂತುಹೋದರೆ ಕೆಲವೇ ಗಂಟೆಗಳಲ್ಲಿ ಮನೆ ತಣ್ಣಗಾಗುತ್ತದೆ, ಆಮೇಲೆ ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಆ ಮನೆಯಲ್ಲಿ ವಯಸ್ಸಾದವರೋ ಹಸುಗೂಸೋ ಇದ್ದರೆ ಕೇಳುವುದೇ ಬೇಡ. ಊರಿಗೆ ಊರೇ ಗಡಗಡ ನಡುಗುವ ದಿನವೇ ನನ್ನ ಡೀಸೆಲ್ ಟ್ರಕ್ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಹಾಗಾಗಿ ಬ್ಲಾಕ್ ಹೀಟರ್ ನನ್ನ ಪಾಲಿಗೆ ಶೋಕಿಯಲ್ಲ, ಹೊಟ್ಟೆಪಾಡು.

ಚಳಿಯಲ್ಲಿ ಎಂಜಿನ್‌ಗೆ ಏನಾಗುತ್ತೆ?

ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಗಟ್ಟಿಯಾಗಿ ಕೂರುತ್ತದಲ್ಲ? ಬಾಟಲಿಯನ್ನು ಬಿಸಿಲಿಗಿಟ್ಟು ಕಾಯುತ್ತೇವಲ್ಲ? ಎಂಜಿನ್ ಆಯಿಲ್ ಅಷ್ಟು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಮೈನಸ್ 30ರಲ್ಲಿ ಅದೂ ಜೋನಿಬೆಲ್ಲದ ಹಾಗೆ ಮಂದವಾಗುತ್ತದೆ. ಸ್ಟಾರ್ಟರ್ ಮೋಟರ್ ಆ ಮಂದ ಎಣ್ಣೆಯಲ್ಲಿ ಮುಳುಗಿದ ಕಬ್ಬಿಣದ ಭಾಗಗಳನ್ನೆಲ್ಲ ತಿರುಗಿಸಬೇಕು.

ಇನ್ನೊಂದು ಕಡೆ ಬ್ಯಾಟರಿ. ಅದರೊಳಗೆ ನಡೆಯುವುದು ರಾಸಾಯನಿಕ ಕ್ರಿಯೆ, ಚಳಿಯಲ್ಲಿ ಅದೂ ಮಂದಗತಿ. ಮೈನಸ್ 18ರ ಹೊತ್ತಿಗೆ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅಂದರೆ ಕೆಲಸ ದುಪ್ಪಟ್ಟು, ಆಳು ಅರ್ಧ!

ಡೀಸೆಲ್ ಗಾಡಿಗೆ ಮೂರನೇ ಕಷ್ಟವೂ ಇದೆ. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಸಿಲಿಂಡರ್ ಗೋಡೆ ಮಂಜುಗಡ್ಡೆಯಂತಿದ್ದರೆ ಹುಟ್ಟಿದ ಬಿಸಿಯನ್ನು ಆ ಲೋಹವೇ ಕುಡಿದುಬಿಡುತ್ತದೆ. ಗ್ಲೋ ಪ್ಲಗ್ ಅಥವಾ ಒಳಹೋಗುವ ಗಾಳಿಯನ್ನು ಕಾಯಿಸುವ ಗ್ರಿಡ್ ಹೀಟರ್ ಸ್ವಲ್ಪ ನೆರವಾಗುತ್ತವೆ. ಕಡುಚಳಿಯಲ್ಲಿ ಅವೂ ಸಾಲುವುದಿಲ್ಲ.

ಹಾಸ್ಟೆಲ್ ಕಾಯಿಲ್‌ನ ಅಣ್ಣ

ಬ್ಲಾಕ್ ಹೀಟರ್ ಅಂದರೆ ಏನು ಅಂತ ಹೊಸಬರು ಕೇಳಿದರೆ ನಾನು ಕೊಡುವ ಉತ್ತರ ಒಂದೇ: 'ಹಾಸ್ಟೆಲ್‌ನಲ್ಲಿ ಬಕೆಟ್ ಒಳಗೆ ಇಳಿಬಿಡ್ತಿದ್ವಲ್ಲ ಕಾಯಿಲ್, ಅದೇ!'

ಎಂಜಿನ್ ಬ್ಲಾಕ್ ಒಳಗೆ ಸಿಲಿಂಡರ್‌ಗಳ ಸುತ್ತ ಕೂಲಂಟ್ ಹರಿಯುವ ದಾರಿಗಳಿರುತ್ತವೆ. ಬ್ಲಾಕ್‌ನ ಪಕ್ಕದ ಒಂದು ತೂತಿನಲ್ಲಿ ಪುಟ್ಟ ಕಾಯಿಲ್ ಕೂರಿಸಿ, ಅದರ ವೈರನ್ನು ಮುಂದಿನ ಗ್ರಿಲ್‌ವರೆಗೆ ಎಳೆದಿರುತ್ತಾರೆ. ಪ್ಲಗ್ ಹಾಕಿದರೆ ಕಾಯಿಲ್ ಸುತ್ತಲಿನ ಕೂಲಂಟ್ ಬಿಸಿಯಾಗುತ್ತದೆ. ಬಿಸಿಯಾದದ್ದು ಮೇಲೇರುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ. ಪಂಪಿನ ಹಂಗಿಲ್ಲದೆ ಇಡೀ ಬ್ಲಾಕ್ ನಿಧಾನವಾಗಿ ಬೆಚ್ಚಗಾಗುತ್ತದೆ. ಹಂಡೆ ಒಲೆಯಲ್ಲಿ ನೀರು ಕಾಯುವ ಹಾಗೆ.

ಸಣ್ಣ ಕಾರುಗಳಲ್ಲಿ ಈ ಹೀಟರ್ ಸಾಮಾನ್ಯವಾಗಿ 400 ವಾಟ್ ಆಸುಪಾಸು. ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ 750ರಿಂದ 1000 ವಾಟ್, ಭಾರೀ ಲಾರಿಗಳಲ್ಲಿ 1500 ವಾಟ್‌ವರೆಗೂ ಇರುತ್ತದೆ. ಇದಲ್ಲದೆ ಆಯಿಲ್ ತುಂಬಿದ ತಟ್ಟೆಯ ತಳಕ್ಕೆ ಅಂಟಿಸುವ ಪ್ಯಾಡ್, ರೇಡಿಯೇಟರ್ ಹೋಸ್‌ಗೆ ಜೋಡಿಸುವ ಹೀಟರ್, ಬ್ಯಾಟರಿಗೆ ಸುತ್ತುವ ಬಿಸಿ ಹೊದಿಕೆ ಹೀಗೆ ಬೇರೆ ನಮೂನೆಗಳೂ ಇವೆ.

ಒಂದು ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ಕೂಲಂಟ್ ಹೆಪ್ಪುಗಟ್ಟದಿರಲಿ ಅಂತ ಹೀಟರ್ ಹಾಕ್ತಾರೆ ಅನ್ನುವುದು. ಅಲ್ಲ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲು ಬೆರೆಸಿದ ಕೂಲಂಟ್ ಮೈನಸ್ 37ರ ತನಕ ತಡೆಯುತ್ತದೆ. ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಆ ಮಿಶ್ರಣದ ಕೆಲಸ, ಎಂಜಿನ್ ಬೆಚ್ಚಗಿಡುವುದು ಹೀಟರ್ ಕೆಲಸ. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಇನ್ನೊಂದು ಮಾತು: ನೀರಿಲ್ಲದ ಬಕೆಟ್‌ನಲ್ಲಿ ಕಾಯಿಲ್ ಆನ್ ಮಾಡಿದರೆ ಏನಾಗುತ್ತದೋ ಕೂಲಂಟ್ ಇಲ್ಲದ ಎಂಜಿನ್‌ನಲ್ಲೂ ಅದೇ. ಹೀಟರ್ ಸುಟ್ಟು ಹೋಗುತ್ತದೆ.

ಬಾಣಲೆಯ ಕೆಂಡದಿಂದ ಬಂದ ದಾರಿ

ಈ ಹೀಟರ್ ಬರುವ ಮುಂಚೆ ಈ ಸೀಮೆಯ ರೈತರು ರಾತ್ರಿ ಎಂಜಿನ್ ಆಯಿಲ್ ಬಸಿದುಕೊಂಡು ಒಲೆಯ ಪಕ್ಕ ಇಟ್ಟು ಮಲಗುತ್ತಿದ್ದರಂತೆ. ಬೆಳಿಗ್ಗೆ ಬಿಸಿ ಎಣ್ಣೆ ವಾಪಸ್ ಸುರಿದು ಗಾಡಿ ಎಬ್ಬಿಸುವುದು. ಕೆಲವರು ಎಂಜಿನ್ ಕೆಳಗೆ ಕೆಂಡದ ಬಾಣಲೆ ಇಡುತ್ತಿದ್ದರು. ಪೆಟ್ರೋಲ್ ಗಾಡಿಯ ಕೆಳಗೆ ಕೆಂಡ!

ವಿನಿಪೆಗ್‌ನಿಂದ ದಕ್ಷಿಣಕ್ಕೆ ಗಡಿ ದಾಟಿದರೆ ಸಿಗುವ ಅಮೆರಿಕದ ಊರು ಗ್ರ್ಯಾಂಡ್ ಫೋರ್ಕ್ಸ್. ಅಲ್ಲಿಯ ಆಂಡ್ರ್ಯೂ ಫ್ರೀಮನ್ ಎಂಬುವವರು ಎಂಜಿನ್‌ನ ಒಂದು ಬೋಲ್ಟ್ ತೆಗೆದು ಆ ಜಾಗದಲ್ಲಿ ಬಿಸಿಯಾಗುವ ಬೋಲ್ಟ್ ಕೂರಿಸುವ ಉಪಾಯ ಕಂಡುಹಿಡಿದರು. 'ಹೆಡ್‌ಬೋಲ್ಟ್ ಹೀಟರ್' ಎಂಬ ಅದಕ್ಕೆ 1949ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಕೂಲಂಟ್ ಕಾಯಿಸುವ ಹೀಟರ್ ಬೇರೆ ನಮೂನೆಯದು. ಆದರೂ ಚಳಿ ಸೀಮೆಯ ಹಳಬರು ಈಗಲೂ ಯಾವ ಬ್ಲಾಕ್ ಹೀಟರ್‌ಗಾದರೂ 'ಹೆಡ್‌ಬೋಲ್ಟ್' ಅಂತಲೇ ಕರೆಯುವುದನ್ನು ಕೇಳಬಹುದು.

ನಮ್ಮಪ್ಪ ಚಿತ್ರದುರ್ಗದ ಕಡೆಯವರು, ಬದುಕಿಡೀ ಲಾರಿ ಓಡಿಸಿದವರು. ವಿಡಿಯೋ ಕಾಲ್‌ನಲ್ಲಿ ಪ್ಲಗ್ ತೋರಿಸಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. 'ಚಳೀಲಿ ಎಮ್ಮೆಗೆ ಗೋಣಿ ಹೊದಿಸೋದು ನೋಡಿದ್ದೀನಿ ಮಗಾ, ಎಂಜಿನ್‌ಗೆ ನೀರು ಕಾಯಿಸಿ ಕೊಡೋದು ಇದೇ ಮೊದಲು!' ಆಮೇಲೆ ಲಾರಿಯವರ ಮೊದಲ ಪ್ರಶ್ನೆ ಬಂತು: 'ಆಯಿಲ್ ಯಾವ್ದು ಹಾಕ್ತೀಯಾ?'

ಒಳ್ಳೆಯ ಪ್ರಶ್ನೆ. ಆಯಿಲ್ ಡಬ್ಬಿಯ ಮೇಲೆ 15ಡಬ್ಲ್ಯೂ-40 ಅಂತೆಲ್ಲ ಬರೆದಿರುತ್ತದಲ್ಲ, ಅಲ್ಲಿನ 'ಡಬ್ಲ್ಯೂ' ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಚಳಿಯಲ್ಲಿ ಎಣ್ಣೆ ಸಲೀಸು. ನಮ್ಮ ಲಾರಿಗಳಲ್ಲಿ ಮಾಮೂಲಾದ 15ಡಬ್ಲ್ಯೂ ಎಣ್ಣೆಯ ಸ್ಟಾರ್ಟಿಂಗ್ ಪರೀಕ್ಷೆ ನಡೆಯುವುದು ಮೈನಸ್ 20ರಲ್ಲಿ. 5ಡಬ್ಲ್ಯೂಗೆ ಮೈನಸ್ 30ರಲ್ಲಿ, 0ಡಬ್ಲ್ಯೂಗೆ ಮೈನಸ್ 35ರಲ್ಲಿ. ನನ್ನ ಟ್ರಕ್ಕಿನ ಕೈಪಿಡಿ ಒಪ್ಪುವ 5ಡಬ್ಲ್ಯೂ-40 ಸಿಂಥೆಟಿಕ್ ಅನ್ನು ಚಳಿ ಶುರುವಾಗುವ ಮೊದಲೇ ಹಾಕಿಸುತ್ತೇನೆ. ಅಪ್ಪನಿಗೆ ಸಮಾಧಾನ.

ರಾತ್ರಿಯಿಡೀ ಬೇಡ, ಮೂರ್ನಾಲ್ಕು ಗಂಟೆ ಸಾಕು

ಸಂಜೆ ಮನೆಗೆ ಬಂದ ಕೂಡಲೇ ಪ್ಲಗ್ ಹಾಕಿ ಬೆಳಗಿನವರೆಗೆ ಬಿಡುವವರೇ ಇಲ್ಲಿ ಹೆಚ್ಚು. ಅದರ ಅಗತ್ಯವಿಲ್ಲ. ಹೀಟರ್ ಕೊಡುವ ಬಿಸಿ ಮತ್ತು ಎಂಜಿನ್ ಹೊರಗೆ ಬಿಟ್ಟುಕೊಡುವ ಬಿಸಿ ಕೆಲವು ಗಂಟೆಗಳಲ್ಲಿ ಸಮಸಮ ಆಗಿಬಿಡುತ್ತವೆ. ಆಮೇಲೆ ಉರಿಯುವ ಕರೆಂಟೆಲ್ಲ ಅಂಗಳದ ಗಾಳಿ ಕಾಯಿಸಲಿಕ್ಕೆ ಮಾತ್ರ.

ಲೆಕ್ಕ ಹಾಕಿ ನೋಡಿ. 1000 ವಾಟ್ ಹೀಟರ್ 12 ಗಂಟೆ ಉರಿದರೆ 12 ಯೂನಿಟ್. 4 ಗಂಟೆ ಉರಿದರೆ 4 ಯೂನಿಟ್. ಮ್ಯಾನಿಟೋಬದಲ್ಲಿ ಮನೆ ಕರೆಂಟ್ ಯೂನಿಟ್‌ಗೆ ಸುಮಾರು 10 ಸೆಂಟ್. ನೂರು ರಾತ್ರಿಯ ಚಳಿಗಾಲಕ್ಕೆ 120 ಡಾಲರ್ ಎಲ್ಲಿ, 40 ಡಾಲರ್ ಎಲ್ಲಿ! ಉಳಿಯುವ 80 ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಐದು ಸಾವಿರ ರೂಪಾಯಿ. ಒಂದು ಗಟ್ಟಿಮುಟ್ಟಾದ ಟೈಮರ್ ಬೆಲೆ ಮೊದಲ ಚಳಿಗಾಲದಲ್ಲೇ ವಸೂಲಾಗುತ್ತದೆ.

ನನ್ನ ಟೈಮರ್ ಬೆಳಗಿನ ಜಾವ ಎರಡಕ್ಕೆ ಆನ್ ಆಗುತ್ತದೆ, ಆರಕ್ಕೆ ನಾನು ಹೊರಡುತ್ತೇನೆ. ಸಣ್ಣ ಪೆಟ್ರೋಲ್ ಕಾರಿಗೆ ಎರಡು ಗಂಟೆಯೇ ಸಾಕಾದೀತು. ಮೈನಸ್ 35 ಅಂತ ಮುನ್ಸೂಚನೆ ಇದ್ದ ರಾತ್ರಿ ಮಾತ್ರ ಟೈಮರನ್ನು ಒಂದೆರಡು ಗಂಟೆ ಹಿಂದಕ್ಕೆ ಇಡುತ್ತೇನೆ. ತಡರಾತ್ರಿ ಕರೆ ಬರುವ ಪಾಳಿ ಇದ್ದರೆ ಟೈಮರ್ ಪಕ್ಕಕ್ಕಿಟ್ಟು ನೇರ ಪ್ಲಗ್. ಅಲ್ಲಿ ಉಳಿತಾಯದ ಲೆಕ್ಕ ನಡೆಯುವುದಿಲ್ಲ.

ಯಾವಾಗಿನಿಂದ ಹಾಕಬೇಕು? ಮೈನಸ್ 15 ದಾಟಿದರೆ ಹಾಕುವುದು ಒಳ್ಳೆಯದು. ಕೆಲವು ಟ್ರಕ್‌ಗಳ ವೈರಿನಲ್ಲೇ ಥರ್ಮೋಸ್ಟಾಟ್ ಇರುತ್ತದೆ, ಮೈನಸ್ 18ರವರೆಗೆ ಅದು ಕರೆಂಟನ್ನೇ ಬಿಡುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ ಅನ್ನುವುದಷ್ಟೇ ಲಾಭವಲ್ಲ. ಮೈನಸ್ 20ರಲ್ಲಿ ಬ್ಲಾಕ್ ಹೀಟರ್ ಬಳಸಿದರೆ ಇಂಧನ ಶೇ 10ರವರೆಗೂ ಉಳಿಯಬಹುದು ಎನ್ನುತ್ತದೆ ಕೆನಡಾ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ. ತಣ್ಣಗಿನ ಎಂಜಿನ್ ಮೊದಲ ಕೆಲವು ನಿಮಿಷ ಹೆಚ್ಚು ಇಂಧನ ಕುಡಿಯುತ್ತದೆ, ಹೆಚ್ಚು ಸವೆಯುತ್ತದೆ, ಹೆಚ್ಚು ಹೊಗೆ ಉಗುಳುತ್ತದೆ. ಆ ಕೆಲವು ನಿಮಿಷ ತಪ್ಪಿದರೆ ಲಾಭವೇ.

ಹವಾಮಾನ ವರದಿಯಲ್ಲಿ 'ವಿಂಡ್ ಚಿಲ್ ಮೈನಸ್ 45' ಅಂತ ಕೇಳಿ ಗಾಬರಿಯಾಗಬೇಡಿ. ಅದು ಮನುಷ್ಯರ ಚರ್ಮದ ಲೆಕ್ಕ. ಗಾಳಿ ಬೀಸಿದರೆ ಎಂಜಿನ್ ಬೇಗ ತಣ್ಣಗಾಗುತ್ತದೆ, ಆದರೆ ಹೊರಗಿನ ನಿಜವಾದ ತಾಪಮಾನಕ್ಕಿಂತ ಕೆಳಗೆ ಇಳಿಯುವುದಿಲ್ಲ. ಟ್ರಕ್ಕಿಗೆ ನೋಡಬೇಕಾದ್ದು ಥರ್ಮಾಮೀಟರ್, ಹೊರಗೆ ನಿಲ್ಲುವ ನಿಮಗೆ ವಿಂಡ್ ಚಿಲ್.

ಎರಡು ಟ್ರಕ್, ಒಂದು ಬ್ರೇಕರ್

ಹೀಟರ್ ಚೆನ್ನಾಗಿದ್ದೂ ಗಾಡಿ ಕೈಕೊಡುವುದು ಹೆಚ್ಚಾಗಿ ವೈರಿನಿಂದ. ಇದಕ್ಕೊಂದು ಕಾರಣವಿದೆ. ನಮ್ಮಲ್ಲಿ ಕರೆಂಟ್ 230 ವೋಲ್ಟ್, ಇಲ್ಲಿ 120. ಅದೇ 1000 ವಾಟ್‌ಗೆ ಊರಲ್ಲಿ 4 ಆಂಪಿಯರ್ ಚಿಲ್ಲರೆ ಹರಿದರೆ ಇಲ್ಲಿ 8 ಆಂಪಿಯರ್ ಚಿಲ್ಲರೆ ಹರಿಯಬೇಕು. ತೆಳು ವೈರು ಬಿಸಿಯಾಗುವುದು, ಪ್ಲಗ್ ಕರಗುವುದು, ಕೊನೆಗೆ ಹೊತ್ತಿಕೊಳ್ಳುವುದು ಇದಕ್ಕೇ.

ಒಂದು ಜನವರಿಯಲ್ಲಿ ಆದದ್ದು ಹೇಳುತ್ತೇನೆ. ಬೆಳಗಿನ ಜಾವ ನಾಲ್ಕೂವರೆಗೆ ಕರೆ ಬಂತು. ನಗರದಿಂದ ಸುಮಾರು 60 ಕಿಲೋಮೀಟರ್ ದೂರದ ಒಂಟಿ ಮನೆ. ಫರ್ನೇಸ್ ನಿಂತಿದೆ, ಒಳಗೆ 11 ಡಿಗ್ರಿ, ಎರಡು ತಿಂಗಳ ಮಗು ಇದೆ. ಹೊರಗೆ ಮೈನಸ್ 36. ಆ ಭಾಗ ನನ್ನ ಸಹೋದ್ಯೋಗಿಯದು, ಮೊದಲ ಕರೆ ಹೋದದ್ದೂ ಅವರಿಗೇ. ಅವರು ಸಂಜೆಯೇ ಪ್ಲಗ್ ಹಾಕಿದ್ದರು. ಆದರೆ ಅವರ ಬಾಡಿಗೆ ಮನೆಯ ಅಂಗಳದಲ್ಲಿ ಅವರ ಟ್ರಕ್ಕೂ ಮನೆ ಮಾಲೀಕರ ಟ್ರಕ್ಕೂ ಒಂದೇ 15 ಆಂಪಿಯರ್ ಲೈನಿನಲ್ಲಿದ್ದವು. ಎರಡೂ ಸೇರಿ 16 ಆಂಪಿಯರ್ ದಾಟಿ, ರಾತ್ರಿ ಯಾವಾಗಲೋ ಬ್ರೇಕರ್ ಟ್ರಿಪ್ ಆಗಿತ್ತು. ಇಬ್ಬರ ಟ್ರಕ್ಕೂ ಕಲ್ಲುಬಂಡೆ. 'ಸೆಲ್ಫ್' ಹೊಡೆದರೆ ಒಂದು ನರಳಾಟ, ಆಮೇಲೆ ಟಿಕ್ ಟಿಕ್ ಅಷ್ಟೆ.

ನಾನು ಹೊರಟೆ. ನನ್ನ ಟ್ರಕ್ ಮೂರು ಸುತ್ತಿಗೆ ಎದ್ದಿತು. ಆ ಮನೆ ತಲುಪುವಷ್ಟರಲ್ಲಿ ಒಳಗೆ 7 ಡಿಗ್ರಿ. ತಾಯಿ ಮಗುವನ್ನು ಎದೆಗವಚಿಕೊಂಡು, ಮೇಲೆ ಎರಡು ಕೋಟು ಹಾಕಿಕೊಂಡು, ಹೊರಗೆ ಎಂಜಿನ್ ಚಾಲೂ ಇದ್ದ ಪಕ್ಕದ ಜಮೀನಿನವರ ಗಾಡಿಯಲ್ಲಿ ಕೂತಿದ್ದರು. ಅವರ ಗಾಡಿಯೂ ರಾತ್ರಿ ಪ್ಲಗ್‌ನಲ್ಲಿದ್ದದ್ದರಿಂದ ಆ ಆಸರೆ ಸಿಕ್ಕಿತ್ತು. ಫರ್ನೇಸ್‌ನಲ್ಲಿ ಕೆಟ್ಟದ್ದು ಅಂಗೈಯಗಲದ ಒಂದು ಭಾಗ, ಇಪ್ಪತ್ತು ನಿಮಿಷದ ಕೆಲಸ. ಆದರೆ ಆ ಇಪ್ಪತ್ತು ನಿಮಿಷದ ಕೆಲಸಕ್ಕೆ ಯಾರಾದರೂ ಅಲ್ಲಿಗೆ ಹೋಗಬೇಕಿತ್ತಲ್ಲ?

ಅವತ್ತಿನಿಂದ ನಮ್ಮ ತಂಡದಲ್ಲಿ ಒಂದು ರೂಢಿ ಬಂದಿದೆ. ಉರಿಯುವ ದೀಪವಿರುವ ಎಕ್ಸ್‌ಟೆನ್ಷನ್ ವೈರನ್ನೇ ಕೊಳ್ಳುವುದು. ಮಲಗುವ ಮುಂಚೆ ಕಿಟಕಿಯಿಂದ ಇಣುಕಿದರೆ ಸಾಕು, ಕರೆಂಟ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಟೈಮರ್ ಇಟ್ಟವರು ಒಂದು ನಿಮಿಷ ಆನ್ ಮಾಡಿ ದೀಪ ನೋಡಿಕೊಂಡು ಮಲಗುತ್ತಾರೆ.

ಹೀಟರ್ ಬದುಕಿದೆಯಾ?

ಬ್ಲಾಕ್ ಹೀಟರ್ ಕೆಟ್ಟರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುವುದಿಲ್ಲ. ಕೆಟ್ಟದ್ದು ಗೊತ್ತಾಗುವುದು ಅದು ಬೇಕಾದ ದಿನವೇ! ಹಾಗಾಗಿ ನವೆಂಬರ್‌ನಲ್ಲೇ ನೋಡಿಬಿಡಿ.

ಮೊದಲನೆಯದು ಕಿವಿ. ಸದ್ದಿಲ್ಲದ ಹೊತ್ತಿನಲ್ಲಿ ಪ್ಲಗ್ ಹಾಕಿ ಬಾನೆಟ್ ಹತ್ತಿರ ಕಿವಿಗೊಟ್ಟರೆ ನೀರು ಕಾಯಲು ಶುರುವಾದಾಗಿನ ಸಣ್ಣ 'ಸುಂಯ್' ಸದ್ದು ಹೆಚ್ಚಿನ ಗಾಡಿಗಳಲ್ಲಿ ಕೇಳುತ್ತದೆ. ಎರಡನೆಯದು ವಾಟ್ ಮೀಟರ್. ಗೋಡೆಯ ಪ್ಲಗ್ ಮತ್ತು ವೈರಿನ ಮಧ್ಯೆ ಸಿಕ್ಕಿಸುವ ಪುಟ್ಟ ಮೀಟರ್ ಎಷ್ಟು ವಾಟ್ ಎಳೆಯುತ್ತಿದೆ ಅಂತ ತೋರಿಸುತ್ತದೆ. ಸೊನ್ನೆ ತೋರಿಸಿದರೆ ಹೀಟರ್ ಅಥವಾ ವೈರು ಸತ್ತಿದೆ. ಮೂರನೆಯದು ಮಲ್ಟಿಮೀಟರ್. ಗೋಡೆಯಿಂದ ಬಿಚ್ಚಿದ ಪ್ಲಗ್‌ನ ಎರಡು ಚಪ್ಪಟೆ ಪಿನ್‌ಗಳ ನಡುವೆ ಓಮ್ ಅಳೆಯಿರಿ. 1000 ವಾಟ್ ಹೀಟರ್ ಆದರೆ ಸುಮಾರು 14 ಓಮ್, 400 ವಾಟ್ ಆದರೆ ಸುಮಾರು 36. ಅಳತೆಯೇ ಬಾರದಿದ್ದರೆ ಒಳಗೆ ಎಲ್ಲೋ ತುಂಡಾಗಿದೆ. ವೈರಿನಲ್ಲೇ ಥರ್ಮೋಸ್ಟಾಟ್ ಇರುವ ಗಾಡಿಗಳಲ್ಲಿ ಮಾತ್ರ ಈ ಪರೀಕ್ಷೆಗಳು ಬೆಚ್ಚಗಿನ ದಿನ ನಡೆಯುವುದಿಲ್ಲ, ಚಳಿ ಬರುವವರೆಗೆ ಕಾಯಬೇಕು.

ಹೀಟರ್ ಕೈಗೆಟುಕದ್ದು

ಎಂಜಿನ್ ಬೆಚ್ಚಗಿದ್ದ ಮಾತ್ರಕ್ಕೆ ಡೀಸೆಲ್ ಟ್ರಕ್ ಹೊರಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಡೀಸೆಲ್‌ನಲ್ಲಿ ಮೇಣದ ಅಂಶವಿದೆ. ಚಳಿಯಲ್ಲಿ ಅದು ಬಿಳಿ ಹರಳಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಲ್ಲಿನ ಬಂಕ್‌ಗಳು ಚಳಿಗಾಲಕ್ಕೆ ಬೇರೆಯೇ ಡೀಸೆಲ್ ಕೊಡುತ್ತವೆ. ತೊಂದರೆಯಾಗುವುದು ದಕ್ಷಿಣದ ಬೆಚ್ಚಗಿನ ರಾಜ್ಯಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡು ಉತ್ತರಕ್ಕೆ ಬರುವ ಲಾರಿಗಳಿಗೆ. ಮೇಣ ಕಟ್ಟದಂತೆ ಬೆರೆಸುವ ದ್ರಾವಣಗಳು ಸಿಗುತ್ತವೆ, ಆದರೆ ಡೀಸೆಲ್ ಗಟ್ಟಿಯಾಗುವ ಮೊದಲೇ ಹಾಕಬೇಕು.

ಇದು ನಮ್ಮ ದೇಶದ ಸಮಸ್ಯೆಯೂ ಹೌದು. ಹಿಮಾಲಯದ ರಸ್ತೆಗಳಲ್ಲಿ ಟ್ಯಾಂಕ್ ಕೆಳಗೆ ಬೆಂಕಿ ಇಟ್ಟು ಡೀಸೆಲ್ ಕರಗಿಸುವ ಕಥೆಗಳನ್ನು ನೀವೂ ಕೇಳಿರಬಹುದು. ಲಡಾಖ್‌ನಂಥ ಪ್ರದೇಶಗಳಿಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಚಳಿಗಾಲದ ವಿಶೇಷ ಡೀಸೆಲ್ ಬಿಡುಗಡೆ ಮಾಡಿತು. ಮೈನಸ್ 33 ಡಿಗ್ರಿಯವರೆಗೂ ಅದು ಹರಿಯುವ ಗುಣ ಉಳಿಸಿಕೊಳ್ಳುತ್ತದೆ. ಬೈಕಿನಲ್ಲೋ ಜೀಪಿನಲ್ಲೋ ಚಳಿಗಾಲದ ಲಡಾಖ್‌ಗೆ ಹೊರಡುವ ಗೆಳೆಯರು ಆಯಿಲ್ ನಂಬರು, ಬ್ಯಾಟರಿಯ ವಯಸ್ಸು, ಕೂಲಂಟ್ ಮಿಶ್ರಣ ಈ ಮೂರನ್ನು ನೋಡಿಕೊಂಡು ಹೋದರೆ ಅರ್ಧ ಕಷ್ಟ ತಪ್ಪುತ್ತದೆ.

ಈಗಿನ ಡೀಸೆಲ್ ಟ್ರಕ್‌ಗಳಿಗೆ ಹಾಕುವ ಡಿಇಎಫ್ ದ್ರವ ಮೈನಸ್ 11ರಲ್ಲೇ ಹೆಪ್ಪುಗಟ್ಟುತ್ತದೆ. ಇದಕ್ಕೆ ಹೆದರಬೇಕಿಲ್ಲ, ಆ ಟ್ಯಾಂಕಿಗೆ ಅದರದ್ದೇ ಹೀಟರ್ ಇರುತ್ತದೆ, ಗಾಡಿ ಓಡುತ್ತಾ ಅದು ಕರಗುತ್ತದೆ.

ಹೊಸದಾಗಿ ಬರುವವರಿಗೆ

- ಬಾಡಿಗೆ ಮನೆ ನೋಡುವಾಗ 'ಪಾರ್ಕಿಂಗ್ ಇದೆಯಾ' ಅಂತಷ್ಟೇ ಕೇಳಬೇಡಿ, 'ಪ್ಲಗ್ ಇದೆಯಾ' ಅಂತ ಕೇಳಿ. ಕೆಲವು ಕಡೆ ಕರೆಂಟ್ ಸ್ವಲ್ಪ ಹೊತ್ತು ಬಂದು ಸ್ವಲ್ಪ ಹೊತ್ತು ಹೋಗುವ ವ್ಯವಸ್ಥೆ ಇರುತ್ತದೆ. ಅದು ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ.
- ಹಳೇ ಗಾಡಿ ಕೊಳ್ಳುವಾಗ ಹೀಟರ್ ಇದೆಯೋ, ಕೆಲಸ ಮಾಡುತ್ತದೆಯೋ ಕೇಳಿ. ಬೆಚ್ಚಗಿನ ಊರಿನಿಂದ ಬಂದ ಗಾಡಿಯಲ್ಲಿ ಇಲ್ಲದಿರಬಹುದು.
- ಹೊರಾಂಗಣಕ್ಕೆಂದೇ ಮಾಡಿದ, ಚಳಿಯಲ್ಲೂ ಬಾಗುವ, ಮೂರು ಪಿನ್ನಿನ ವೈರು ಕೊಳ್ಳಿ. ದೊಡ್ಡ ಹೀಟರ್‌ಗೆ 14 ಗೇಜ್ ಇರಲಿ. ಗೇಜ್ ಅಂಕಿ ಕಡಿಮೆಯಾದಷ್ಟೂ ವೈರು ದಪ್ಪ.
- ಎರಡು ಎಕ್ಸ್‌ಟೆನ್ಷನ್ ಸೇರಿಸಬೇಡಿ. ಉಳಿದ ವೈರನ್ನು ಸುರುಳಿ ಸುತ್ತಿ ಹಿಮದಲ್ಲಿ ಹೂಳಬೇಡಿ.
- ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡಿ ಬಿಡಬೇಡಿ. ಹೊರಗೆ ನಿಂತ ಗಾಡಿಯಾದರೂ ಸೈಲೆನ್ಸರ್ ಬಾಯಿಗೆ ಹಿಮ ಕಟ್ಟಿದೆಯೇ ನೋಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.
- ಹೀಟರ್ ಬಳಸಿದ್ದರೆ ಸ್ಟಾರ್ಟ್ ಆದಮೇಲೆ ಹದಿನೈದು ನಿಮಿಷ ನಿಲ್ಲಿಸಿಕೊಂಡು ಕೂರಬೇಕಿಲ್ಲ. ಗಾಜಿನ ಮೇಲಿನ ಹಿಮ ತೆಗೆದು ನಿಧಾನವಾಗಿ ಹೊರಡಿ. ಮೊದಲ ಕೆಲವು ಕಿಲೋಮೀಟರ್ ಹದವಾಗಿ ಓಡಿಸಿ. ಗೇರು, ಟೈರು ಇನ್ನೂ ತಣ್ಣಗೇ ಇರುತ್ತವೆ.

ಕೊನೆಯದಾಗಿ, ಹೊರಡುವ ಮುಂಚೆ ಪ್ಲಗ್ ಬಿಚ್ಚಿ! ವೈರನ್ನು ಬಾಲದಂತೆ ರಸ್ತೆಯುದ್ದಕ್ಕೂ ಎಳೆದುಕೊಂಡು ಹೋಗುವ ಗಾಡಿ ಪ್ರತಿ ಚಳಿಗಾಲವೂ ಒಂದಾದರೂ ಕಾಣಸಿಗುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜ ನಿವೃತ್ತ ಲಾರಿ ಚಾಲಕರು. ಅವರದ್ದೊಂದು ಸರಳ ಉಪಾಯ: ವೈರನ್ನು ಡ್ರೈವರ್ ಬದಿಯ ಕನ್ನಡಿಗೆ ಒಂದು ಸುತ್ತು ಹಾಕಿಯೇ ಪ್ಲಗ್‌ಗೆ ಸಿಕ್ಕಿಸುವುದು. ಬಾಗಿಲು ತೆಗೆಯುವಾಗ ವೈರು ಕಣ್ಣಿಗೆ ಬೀಳಲೇಬೇಕು. ಈ ಉಪಾಯಕ್ಕೆ ಒಂದು ಪೈಸೆಯೂ ಖರ್ಚಿಲ್ಲ.